ಗಾಳಿಯ ಹಾಸಿಗೆ

ಗೆಳತಿ ನಿರುಪಮಾ ಸತ್ತ ಸುದ್ದಿ ಬಂದಾಗಿನಿಂದ ಶರಣವ್ವನಿಗೆ ಅಳು ಬಂದಿರಲಿಲ್ಲ, ಹಸಿವು ಮಾತ್ರ ಮೇಲಿಂದ ಮೇಲೆ ಬರುತ್ತಿತ್ತು. ಈ ಭಾನುವಾರದ ಬೆಳಿಗ್ಗೆಯೂ ಹಾಗೆಯೇ. ಸಾವಿನ ಮನೆಗೆ ಒಯ್ಯಲೆಂದು ಮಾಡಿದ ಅನ್ನ, ತಿಳಿಸಾರು, ಹೀರೇಕಾಯಿ ಪಲ್ಯ ಸ್ಟೀಲಿನ ಡಬ್ಬಿಗಳಲ್ಲಿ ಮುಚ್ಚಿ ಕುಳಿತಿದ್ದವು. ಅವಳು ಸಿಂಕಿನ ಪಕ್ಕ ನಿಂತು ಬಾಣಲೆಯ ತಳಕ್ಕೆ ಹತ್ತಿದ ಪಲ್ಯವನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಳ್ಳುತ್ತಿದ್ದಳು. ರುಚಿಯಾಗಿತ್ತು. ರುಚಿ ಹತ್ತಿದ್ದಕ್ಕೇ ತನ್ನ ಮೇಲೆ ಸಿಟ್ಟು ಬಂತು. ಕಿಟಕಿಯಾಚೆ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಈ ಪ್ಲೆಸೆಂಟನ್ನಿನ ಒಣಹುಲ್ಲಿನ ಗುಡ್ಡಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಯಾವುದು ಗುಡ್ಡ ಯಾವುದು ಆಕಾಶ ಎಂದು ತಿಳಿಯದ ಆ ಬೂದು ಬಣ್ಣವನ್ನು ನೋಡುತ್ತ ಅವಳು ನಿರುಪಮಾಳ ಮುಖವನ್ನು ಬೇಕೆಂದೇ ನೆನಪಿಸಿಕೊಂಡಳು. ಕ್ಯಾನ್ಸರಿಗೆ ಕಿಮೋ ಆದಮೇಲೆ ಹುಬ್ಬಿಲ್ಲದ ಮುಖ, ಹುಬ್ಬಿನ ಜಾಗದಲ್ಲಿ ಪೆನ್ಸಿಲಿನಿಂದ ಗೀಚಿಕೊಂಡ ಗೆರೆ, ಒಂದು ಮೇಲೆ ಒಂದು ಕೆಳಗೆ. ಇಷ್ಟು ನೆನೆದರೆ ಯಾರಿಗಾದರೂ ಕರುಳು ಚುರುಕ್ಕೆನ್ನಬೇಕು. ಅನ್ನಲಿಲ್ಲ. ಮುಖ ಬಂತು, ನಿಂತಿತು, ಹೋಯಿತು. ಫೋಟೋ ತೋರಿಸಿ ಮುಗಿಸಿದ ಹಾಗೆ.

ಈ ಸೀಮೆಯ ಕನ್ನಡದವರಿಗೆಲ್ಲ ಅವಳು ಶರಣಕ್ಕ. ಯಾರ ಮನೆಯಲ್ಲಿ ಸಾವಾದರೂ, ಯಾರ ಮಗು ಹೊಟ್ಟೆಯಲ್ಲೇ ಹೋದರೂ, ಯಾರ ಗಂಡನಿಗೆ ಕೆಲಸ ಹೋದರೂ ಮೊದಲ ಫೋನು ಅವಳಿಗೆ. ಅವಳು ಹೋಗಿ ಬಾಗಿಲಲ್ಲಿ ನಿಂತರೆ ಸಾಕು, ಯಾರು ಇನ್ನೂ ಅತ್ತಿಲ್ಲ, ಯಾರು ಅತ್ತು ಬೇಸತ್ತಿದ್ದಾರೆ, ಯಾರಿಗೆ ಬೈಸಿಕೊಳ್ಳುವುದು ಬೇಕಾಗಿದೆ, ಯಾರಿಗೆ ಬರೀ ಚಹಾ ಬೇಕಾಗಿದೆ ಎಂದು ತಿಳಿದುಹೋಗುತ್ತಿತ್ತು. ಒಬ್ಬಳ ತಲೆ ಸವರುತ್ತಿದ್ದಳು, ಇನ್ನೊಬ್ಬಳಿಗೆ ಗದರುತ್ತಿದ್ದಳು. ಅವಳು ಎದ್ದು ಬರುವ ಹೊತ್ತಿಗೆ ಆ ಮನೆಯಲ್ಲಿ ಜನ ಮೂಗು ಒರೆಸಿಕೊಂಡು ಊಟಕ್ಕೆ ಕೂತಿರುತ್ತಿದ್ದರು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಥವಾ ಆಯಿ, ಅವಳ ಅಜ್ಜಿ, ಕಲಿಸಿದ್ದಳು. ಊರಲ್ಲಿ ಸಾವಾದರೆ ಆಯಿಯನ್ನು ಕರೆಯಲು ಬರುತ್ತಿದ್ದರು. ಮುದುಕಿ ಹೆಣದ ಕಾಲಬಳಿ ಕೂತು, ಸತ್ತವನ ಒಂದೊಂದೇ ಗುಣ ಎತ್ತಿ ಹಾಡಾಡಿಕೊಂಡು ಅಳಲು ಶುರುಮಾಡಿದರೆ ಹೆಂಗಸರೆಲ್ಲ ಒಬ್ಬರ ಕೊರಳಿಗೊಬ್ಬರು ಬಿದ್ದು ಹೊರಳಾಡುತ್ತಿದ್ದರು. ಮುಗಿದ ಮೇಲೆ ಮನೆಗೆ ಬಂದು ತಣ್ಣೀರಲ್ಲಿ ಮುಖ ತೊಳೆದು, ಕಣ್ಣು ನಿಚ್ಚಳವಾಗಿ, "ಎಮ್ಮಿಗೆ ಹಿಂಡಿ ಇಟ್ಟೀ ಏನ?" ಎಂದು ಕೇಳುತ್ತಿದ್ದಳು. ಆಗ ಶರಣವ್ವ ಸಣ್ಣವಳು. ಆಯಿಯ ಆ ನಿಚ್ಚಳ ಕಣ್ಣು ನೋಡಿ ಹೆದರಿದ್ದಳು. ಈಗ ಮೈಕ್ರೋವೇವಿನ ಕಪ್ಪು ಗಾಜಿನಲ್ಲಿ ಕಾಣುತ್ತಿರುವುದು ಅವೇ ಕಣ್ಣು.

"ಡಬ್ಬಿ ಕಾರಿನ್ಯಾಗ ಇಡ್ಲೇನು?" ಎಂದು ಸಿದ್ರಾಮಪ್ಪ ಬಂದು ಕೇಳಿದ. ಬಿಳಿ ಅಂಗಿ ಹಾಕಿ, ಕೊರಳ ಗುಂಡಿಯವರೆಗೂ ಬಿಗಿದುಕೊಂಡಿದ್ದ. ಅವಳ ಮುಖ ನೋಡಲಿಲ್ಲ, ಡಬ್ಬಿಗಳನ್ನು ನೋಡಿದ. ಮದುವೆಯಾದಾಗಿನಿಂದ ಹಾಗೇ. ಅವನ ಕಣ್ಣು ಮನುಷ್ಯರ ಮುಖದ ಮೇಲೆ ಕೂರುವುದಿಲ್ಲ, ಬಿಸಿ ಹಂಚಿನ ಮೇಲೆ ಇಟ್ಟ ಕೈಯ ಹಾಗೆ ತಟ್ಟನೆ ಹಿಂದೆ ಬರುತ್ತದೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಕಂಪನಿಯ ಲ್ಯಾಬುಗಳಲ್ಲಿ ಗಾಳಿ ಬರುವ, ಗಾಳಿ ಹೋಗುವ ಯಂತ್ರಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಗೋಡೆಗೆ ಕಿವಿಯಿಟ್ಟು ಎಲ್ಲಿ ಸೋರುತ್ತಿದೆ ಎಂದು ಹೇಳುತ್ತಾನಂತೆ. ಮನುಷ್ಯರ ವಿಷಯಕ್ಕೆ ಅವನ ಕಿವಿ, ಕಣ್ಣು ಎರಡೂ ಶರಣವ್ವನೇ. ಪಾರ್ಟಿಗಳಲ್ಲಿ ಅವನ ಪಕ್ಕ ನಿಂತು, "ಅಂವ ನಗಾಕತ್ತಾನ ಖರೆ, ಆದ್ರ ಸಿಟ್ಟಿನ್ಯಾಗ ಅದಾನ. ಇನ್ನ ಮಾತು ಸಾಕು ಮಾಡ್ರಿ" ಎಂದು ಪಿಸುಗುಟ್ಟುತ್ತಿದ್ದಳು. ಅವನು ಸಾಕು ಮಾಡುತ್ತಿದ್ದ. ಅಷ್ಟೇ ಅಲ್ಲ, ಒಮ್ಮೊಮ್ಮೆ ತನ್ನ ವಿಷಯವನ್ನೂ ಅವಳನ್ನೇ ಕೇಳುತ್ತಿದ್ದ. ಆಫೀಸಿನಿಂದ ಬಂದು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತು, "ನನಗ ಇವತ್ತ ಏನೋ ಆಗೇತಿ. ಏನಾಗೇತಿ ನೋಡು" ಎನ್ನುತ್ತಿದ್ದ. ಅವಳು ಒಂದು ಸಲ ನೋಡಿ, "ಅವಮಾನ ಆಗೇತಿ. ಯಾರು ಏನಂದ್ರು?" ಎನ್ನುತ್ತಿದ್ದಳು. ಅವನು ಹೌದೆಂದು ತಲೆಯಾಡಿಸಿ, ಹೆಸರು ಸಿಕ್ಕಿತೆಂಬ ಸಮಾಧಾನದಿಂದ ಬೂಟು ಬಿಚ್ಚುತ್ತಿದ್ದ.

ಇಂಥ ಗಂಡನನ್ನು ಅವಳು ಸಾವಿನ ಮನೆಗೆ ಕರೆದೊಯ್ಯುತ್ತಿರಲಿಲ್ಲ. ಇವತ್ತು ನಿರುಪಮಾಳ ಗಂಡ ಗುರುಪ್ರಸಾದನೇ ಫೋನು ಮಾಡಿ, "ಸಿದ್ರಾಮಪ್ಪನವರನ್ನೂ ಕರ್ಕೊಂಡ್ ಬನ್ನಿ ಶರಣಕ್ಕ, ನಿರೂಗೆ ಅವರು ಅಂದ್ರೆ ತುಂಬಾ ಇಷ್ಟ" ಎಂದಿದ್ದ. ಇಷ್ಟ ಎಂದಿದ್ದ, ಇತ್ತು ಎಂದಿರಲಿಲ್ಲ. ಆ ಸಣ್ಣ ತಪ್ಪು ಕೇಳಿದ ಕೂಡಲೇ ಗುರುಪ್ರಸಾದನ ಸ್ಥಿತಿ ಪೂರ್ತಿ ಅವಳ ಕಣ್ಣೆದುರು ಬಿಚ್ಚಿಕೊಂಡಿತ್ತು: ಅವನಿನ್ನೂ ಒಪ್ಪಿಲ್ಲ, ಎಲ್ಲೋ ಒಂದು ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದಾನೆ. ತಿಳಿಯಿತು. ತಿಳಿದದ್ದು ತಿಳಿದಷ್ಟೇ ಆಗಿ ತಲೆಯಲ್ಲಿ ನಿಂತಿತು, ಎದೆಗೆ ಇಳಿಯಲಿಲ್ಲ. ಹಿಂದೆಲ್ಲ ಅವಳು ಇದನ್ನು ಗಮನಿಸುತ್ತಲೇ ಇರಲಿಲ್ಲ. ಗಮನಿಸುವ ಹಾಗೆ ಮಾಡಿದ್ದು ಮಗಳು.

ನಿವೇದಿತಾ ಪಾಲೋ ಆಲ್ಟೋದ ಪಕ್ಕದ ಯುನಿವರ್ಸಿಟಿಯಲ್ಲಿ ಓದುತ್ತ ಅಲ್ಲೇ ಒಂದು ಮನಶ್ಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ನಿನ್ನೆ ಮಧ್ಯಾಹ್ನ ಲ್ಯಾಪ್‌ಟಾಪು ತಂದು, "ನೀವಿಬ್ಬರೂ ನನ್ನ ಗಿನಿ ಪಿಗ್ಸ್" ಎಂದು ನಕ್ಕು ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿದ್ದಳು. ಮೊದಲು ಬರೀ ಕಣ್ಣುಗಳ ಚಿತ್ರ. ಮೂಗಿಲ್ಲ, ಬಾಯಿಲ್ಲ, ಈ ಕಣ್ಣಿನವರಿಗೆ ಏನನ್ನಿಸುತ್ತಿದೆ ಹೇಳಬೇಕು. ಸಿದ್ರಾಮಪ್ಪ ಒಂದೊಂದನ್ನೂ ಕನ್ನಡಕ ತೆಗೆದು, ಹಾಕಿ, ನೋಡಿ, "ಇವಗ ನಿದ್ದಿ ಬಂದೈತಿ" ಎಂದ. ಮುಂದಿನದಕ್ಕೂ ನಿದ್ದಿ ಎಂದ. ಮೂರನೆಯದಕ್ಕೆ, "ಇವಗ ಪೊರೆ ಬಂದೈತಿ, ಡಾಕ್ಟರಗ ತೋರಸ್ಬೇಕು" ಎಂದಾಗ ತಾಯಿಮಗಳು ಬಿದ್ದು ಬಿದ್ದು ನಕ್ಕರು. ಶರಣವ್ವ ಚಿತ್ರ ಬರುವ ಮುಂಚೆಯೇ ಹೇಳುವವಳಂತೆ ಹೇಳಿದಳು: ಇವಳಿಗೆ ಸಂಶಯ, ಇವನಿಗೆ ನಾಚಿಕೆ, ಇದು ಸಂತೋಷವಲ್ಲ, ಹೊಟ್ಟೆಕಿಚ್ಚು ಮುಚ್ಚಿಡುವ ನಗು. "ಅಮ್ಮಾ, ಯು ಆರ್ ಸ್ಕೇರಿ" ಎಂದಳು ಮಗಳು, ಮೆಚ್ಚಿ. ಆಮೇಲೆ ಎರಡನೆಯ ಆಟ. ಬೆರಳಿಗೆ ಸೆನ್ಸರಿನ ಒಂದು ಚಿಮಟ ಹಾಕಿ ವಿಡಿಯೋ ತೋರಿಸುವುದು. ನೋಡುವವರ ಮೈ ಎಷ್ಟು ಕಲಕುತ್ತದೆಂದು ಪರದೆಯ ಕೆಳಗೆ ಗೆರೆಯಾಗಿ ಬರುತ್ತದೆ. ಒಂದು ಮಗುವಿನ ಕೈ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ, ಒಬ್ಬ ಮುದುಕ ಆಸ್ಪತ್ರೆಯ ಮಂಚದ ಪಕ್ಕ ಸುಮ್ಮನೆ ಕೂತಿರುತ್ತಾನೆ. ಪರದೆಯ ಕೆಳಗೆ ಸಿದ್ರಾಮಪ್ಪನ ಗೆರೆ ಎದ್ದಿತು, ಬಿತ್ತು, ಮತ್ತೆ ಗುಡ್ಡದ ಸಾಲಿನ ಹಾಗೆ ಎದ್ದಿತು. ಅವನು ಚಿಮಟ ಕಿತ್ತೆಸೆದು, ತನ್ನ ಬೆರಳುಗಳನ್ನು ಕಂಕುಳಲ್ಲಿ ಒತ್ತಿಕೊಂಡು ಹಿತ್ತಲಿಗೆ ಹೋಗಿ ನಿಂತುಬಿಟ್ಟ. ಶರಣವ್ವನ ಗೆರೆ ಮಾತ್ರ ಬಯಲಲ್ಲಿ ಹೋಗುವ ಫ್ರೀವೇಯಂತೆ ನೆಟ್ಟಗೆ ಹೋಯಿತು.

"ಸೆನ್ಸರ್ ಸರಿಯಾಗಿ ಕೂತಿಲ್ಲ ಅನ್ಸತ್ತೆ" ಎಂದಳು ನಿವೇದಿತಾ. ಬೇರೆ ಬೆರಳಿಗೆ ಹಾಕಿದಳು. ಗೆರೆ ಮತ್ತೆ ನೆಟ್ಟಗೆ ಹೋಯಿತು. "ಹಾಂಗಂದ್ರ ಏನ?" ಎಂದು ಶರಣವ್ವ ಕೇಳಿದಾಗ ಮಗಳು ಅರ್ಧ ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದಳು. ಇನ್ನೊಬ್ಬರ ನೋವು ತಿಳಿಯುವುದು ಬೇರೆ, ತಟ್ಟುವುದು ಬೇರೆ. ಅವು ಎರಡು ದಾರಿ. ಆಟಿಸಮ್ ಲಕ್ಷಣವಿರುವ ಎಷ್ಟೋ ಜನಕ್ಕೆ ತಿಳಿಯುವ ದಾರಿ ಕಷ್ಟದ್ದು. ತಟ್ಟುವ ದಾರಿ ಎಲ್ಲರಂತೆ ಇರಬಹುದು, ಕೆಲವರಲ್ಲಿ ಅತಿಯಾಗಿಯೂ ಇರಬಹುದು. "ಅಪ್ಪ ಹಂಗೆ ಇರ್ಬಹುದು ಅಂತ ನಂಗೆ ಮೊದಲಿಂದ್ಲೂ ಡೌಟ್ ಇತ್ತು" ಎಂದಳು. ಶರಣವ್ವನಿಗೆ ಭಗ್ಗೆಂದು ಸಿಟ್ಟೇರಿತು. "ನಿಮ್ಮಪ್ಪಗ ರೋಗ ಹಚ್ಚಾಕ ಯುನಿವರ್ಸಿಟಿಗೆ ಹೋಗೀ ಏನ?" ಎಂದಳು. "ಅದು ರೋಗ ಅಲ್ಲಮ್ಮ." "ಮತ್ತ ನನಗಿರೂದು?" ಮಗಳು ಲ್ಯಾಪ್‌ಟಾಪು ಮುಚ್ಚಿ, "ಡೋಂಟ್ ವರಿ, ಒಬ್ಬರ ಡೇಟಾದಿಂದ ಏನೂ ಪ್ರೂವ್ ಆಗಲ್ಲ" ಎಂದು ನಕ್ಕಳು. ಅದು ಬೇರೆಯವರಿಗಾದರೆ ನಗುವೇ. ಶರಣವ್ವ ಅದನ್ನು ಪೂರ್ತಿ ಓದಿದಳು. ಸಣ್ಣವಳಿದ್ದಾಗ ಬಿದ್ದು ಮೊಣಕಾಲು ಹರಿದುಕೊಂಡು ಬಂದ ಮಗಳು, ಗೆಳತಿ ಮಾತು ಬಿಟ್ಟಳೆಂದು ಅತ್ತ ಮಗಳು, ಪ್ರತಿ ಸಲವೂ ತಾಯಿ ಹೇಳಿದ ಸರಿಯಾದ ಮಾತು, ಸರಿಯಾದ ಹೊತ್ತಿಗೆ ಬೆನ್ನ ಮೇಲೆ ಬಂದ ಸರಿಯಾದ ಕೈ, ಎಲ್ಲವನ್ನೂ ಆ ಹುಡುಗಿ ಒಂದು ಗಳಿಗೆಯಲ್ಲಿ ಹಿಂದಕ್ಕೆ ಹೋಗಿ ಮುಟ್ಟಿ ನೋಡಿ ಬಂದಿದ್ದಳು.

ಸಿದ್ರಾಮಪ್ಪ ಓಡಿಸುತ್ತಿದ್ದ ಕಾರು ಫ್ರೀಮಾಂಟಿನ ದಾರಿಯಲ್ಲಿ ಸುನೋಲಿನ ತಿರುವು ಏರುವಾಗ ಮಂಜು ಕೆಳಗಿಳಿದು ರಸ್ತೆಯ ಮೇಲೆ ಮಲಗಿತ್ತು. ಪಕ್ಕದ ಸಾಲಿನಲ್ಲಿ ಕಾರುಗಳು ಸದ್ದಿಲ್ಲದೆ ತೇಲಿ ಬರುತ್ತಿದ್ದವು. ಗಾಜಿನೊಳಗೆ ಒಂದೊಂದು ಮುಖ ಕಂಡು ಕರಗುತ್ತಿತ್ತು. ಒಬ್ಬಳು ಯಾರ ಮೇಲೋ ಮುನಿಸಿಕೊಂಡಿದ್ದಾಳೆ, ಒಬ್ಬನಿಗೆ ಮನೆಗೆ ಹೋಗಲು ಇಷ್ಟವಿಲ್ಲ, ಹಿಂದಿನ ಸೀಟಿನ ಮಗುವಿಗೆ ವಾಂತಿ ಬರುತ್ತಿದೆ. ಬೇಡವೆಂದರೂ ಕಣ್ಣು ಓದುತ್ತಿತ್ತು. ಅವಳು ಕಣ್ಣು ಮುಚ್ಚಿದಳು. ಮುಚ್ಚಿದರೆ ನಿರುಪಮಾ. ಕ್ಲೋರಿನ್ ವಾಸನೆಯ ಈಜುಕೊಳದ ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತ ನಿರುಪಮಾ, "ನಿಮಗೆ ಯಾರ ಮೇಲಾದ್ರೂ ಹೊಟ್ಟೆ ಉರಿಯತ್ತಾ ಶರಣಕ್ಕ? ನಂಗೆ ಎಲ್ಲರ ಮೇಲೂ ಉರಿಯತ್ತೆ, ಬದುಕಿರೋರ ಮೇಲೆಲ್ಲ" ಎಂದ ನಿರುಪಮಾ. ಆಗಲೂ ಶರಣವ್ವ ಸರಿಯಾದ ಉತ್ತರವನ್ನೇ ಹೇಳಿದ್ದಳು. ಏನೆಂದು ಹೇಳಿದ್ದು? ನೆನಪಾಗಲಿಲ್ಲ. ನಿರುಪಮಾ ಹಗುರಾಗಿ ನೀರು ಒದ್ದದ್ದು ಮಾತ್ರ ನೆನಪಿತ್ತು.

"ಒಳಗ ಹೋದಮ್ಯಾಲ ಕೈ ಮುಗೀರಿ, ತೋರಿಸಿದಲ್ಲಿ ಕುಂದರ್ರಿ. ಹೆಂಗ ಅದೀರಿ ಅಂತ ಕೇಳಬ್ಯಾಡ್ರಿ" ಎಂದಳು.

"ಮತ್ತೇನ ಕೇಳ್ಲಿ?"

"ಏನೂ ಕೇಳಬ್ಯಾಡ್ರಿ. ಕೇಳೂ ಕೆಲಸ ನಂದು."

"ಸುಮ್ಮ ಕುಂತ್ರ ತಪ್ಪು ತಿಳಕೊಳ್ಳೂದಿಲ್ಲಾ?"

"ಸಾವಿನ ಮನ್ಯಾಗ ಸುಮ್ಮ ಕುಂತವ್ರನ್ನ ದೊಡ್ಡ ಮನಷ್ಯಾರು ಅಂತಾರ. ನಿಮಗ ಅದೊಂದ ಜಾಗಾ ನೋಡ್ರಿ."

ಅವನು ಗಂಭೀರವಾಗಿ ತಲೆಯಾಡಿಸಿದ. ಚುಚ್ಚುಮಾತೆಂದು ತಿಳಿಯಲಿಲ್ಲ.

ಫ್ರೀಮಾಂಟಿನ ಗುಡ್ಡದ ಬುಡದಲ್ಲಿ ಗುರುಪ್ರಸಾದನ ಮನೆ. ಬಾಗಿಲ ಹೊರಗೆ ಚಪ್ಪಲಿಗಳು. ಶರಣವ್ವ ಹೊಸಲಿನಲ್ಲಿ ನಿಂತ ಕೂಡಲೇ ಕೆಲಸ ತಾನಾಗಿ ಶುರುವಾಯಿತು. ಮೈಸೂರಿನಿಂದ ಬಂದ ಗುರುಪ್ರಸಾದನ ಅಕ್ಕನಿಗೆ ಅಳುವುದಕ್ಕಿಂತ ಹೆಚ್ಚಾಗಿ ತನ್ನನ್ನು ಯಾರಾದರೂ ಗುರುತಿಸಬೇಕಾಗಿದೆ. ಪಕ್ಕದ ಮನೆಯ ತಿರುಮಲೇಶನಿಗೆ ಎದ್ದು ಹೋಗಲು ನೆವ ಬೇಕಾಗಿದೆ. ಮೂಲೆಯ ಕುರ್ಚಿಯಲ್ಲಿ ಕೂತ ಗುರುಪ್ರಸಾದ ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದಾನೆ, ಯಾರ ಮಾತೂ ಅವನ ಕಿವಿಯೊಳಗೆ ಹೋಗುತ್ತಿಲ್ಲ. ಅವಳು ಅಕ್ಕನ ಕೈ ಹಿಡಿದು, "ನಿಮ್ಮ ಕೈ ಅಡಗಿ ಬಗ್ಗೆ ನಿರುಪಮಾ ಭಾಳ ಹೇಳ್ತಿದ್ಳ್ರಿ" ಎಂದಳು. ಅಕ್ಕ ಅವಳ ಹೆಗಲಿಗೆ ತಲೆಯಿಟ್ಟು ಅತ್ತಳು. ಬಿಸಿ ಕಣ್ಣೀರು ರವಿಕೆಯೊಳಗೆ ಇಳಿಯಿತು. ಒದ್ದೆಯಾಯಿತು ಎಂದು ಮಾತ್ರ ಶರಣವ್ವನಿಗೆ ತಿಳಿಯಿತು. ಕೋಣೆಯ ಕಿಟಕಿಯ ಪಕ್ಕ, ಸೋಫಾ ಇರಬೇಕಾದ ಕಡೆ ಆಸ್ಪತ್ರೆಯ ಮಂಚವಿತ್ತು. ನಿರುಪಮಾ ಕೊನೆಗೆ ಮೆಟ್ಟಿಲು ಹತ್ತಲಾರದೆ ಅಲ್ಲೇ ಮಲಗಿದ್ದವಳು. ಬಿಳಿ ಹಾಸು ಹಾಗೇ ಇತ್ತು, ತಲೆಯ ಕಡೆ ಸ್ವಲ್ಪ ಮೇಲೆದ್ದಿತ್ತು. ಎಲ್ಲರೂ ಅದಕ್ಕೆ ಬೆನ್ನು ಹಾಕಿ ಕೂತಿದ್ದಾರೆಂಬುದನ್ನೂ ಅವಳು ಗಮನಿಸಿದಳು. ಆದರೆ ಅದರ ಸದ್ದು ಅವಳಿಗೆ ಕೇಳಿಸಲಿಲ್ಲ. ಮುಖಗಳಲ್ಲಿ ಮುಳುಗಿದ್ದಳು.

ಸಿದ್ರಾಮಪ್ಪನಿಗೆ ಕೇಳಿಸಿತು. ಮೈಗೆ ಹುಣ್ಣಾಗದಿರಲೆಂದು ರೋಗಿಗಳಿಗೆ ಹಾಸುವ ಗಾಳಿಯ ಹಾಸಿಗೆ ಅದು. ಮಂಚದ ಕಾಲ್ದೆಸೆಗೆ ತೂಗುಹಾಕಿದ ಸಣ್ಣ ಪಂಪು ಒಂದು ಸಾಲಿಗೆ ಗಾಳಿ ತುಂಬುತ್ತದೆ, ಇನ್ನೊಂದು ಸಾಲಿನದನ್ನು ಬಿಡುತ್ತದೆ. ತುಂಬುವಾಗ ಒಂದು ಸದ್ದು, ಬಿಡುವಾಗ ಒಂದು ಸದ್ದು. ಹೆಣ ಎತ್ತಿಕೊಂಡು ಹೋದಮೇಲೂ ಅದು ನಡೆಯುತ್ತಲೇ ಇತ್ತು. ಅವನು ಕೈ ಮುಗಿದ, ತೋರಿಸಿದಲ್ಲಿ ಕೂತ, ಸುಮ್ಮನಿದ್ದ. ಹೇಳಿದಂತೆ ಎಲ್ಲ ಮಾಡಿದ. ಆಮೇಲೆ ತೊಡೆಯ ಕೆಳಗೆ ಕೈಯಿಟ್ಟುಕೊಂಡ. ಕಣ್ಣು ಮುಚ್ಚಿದ. ಹಣೆಯ ಮೇಲೆ ಬೆವರು ಹನಿಗಟ್ಟಿತು. ತಿರುಮಲೇಶ, "ನೀರು ಕೊಡ್ಲಾ ಸಾರ್?" ಎಂದದ್ದಕ್ಕೆ, ಯಾರು ಏನಂದರೂ ಹೂಂ ಎನ್ನುವಂತೆ ಹೂಂ ಎಂದ. ನೀರು ಬರುವ ಮುಂಚೆ ಎದ್ದು, ಮಂಚದ ಹತ್ತಿರ ಹೋಗಿ, ಬಗ್ಗಿ, ಪಂಪಿನ ಗುಂಡಿ ಒತ್ತಿಬಿಟ್ಟ.

ಮೊದಲು ಕೋಣೆ ಸ್ತಬ್ಧವಾಯಿತು. ಇಷ್ಟು ಹೊತ್ತು ಸದ್ದೊಂದು ಇತ್ತೆಂದು ಶರಣವ್ವನಿಗೆ ತಿಳಿದದ್ದೇ ಆಗ. ಮಂಚದ ಮೇಲೆ ಹಾಸಿಗೆ ನಿಧಾನವಾಗಿ, ಬಹಳ ನಿಧಾನವಾಗಿ ಕೆಳಗೆ ಕೂರತೊಡಗಿತು. ಬಿಳಿ ಹಾಸು ಸುಕ್ಕುಗಟ್ಟಿತು. ಸೊಂಟದ ಕಡೆ ಇಳಿಯಿತು, ಹೆಗಲ ಕಡೆ ಇಳಿಯಿತು, ದಿಂಬು ಒಂದು ಪಕ್ಕಕ್ಕೆ ಹೊರಳಿತು. ಅಲ್ಲಿ ಯಾರೋ ಮಲಗಿದ್ದರು, ಈಗ ತಾನೇ ಎದ್ದು ಹೋದರು ಎಂಬಂತಿತ್ತು. ಗುರುಪ್ರಸಾದ ಕುರ್ಚಿ ಕೆಡವಿ ಎದ್ದ.

"ಯಾರ್ರೀ ಹೇಳಿದ್ದು ನಿಮ್ಗೆ ಆಫ್ ಮಾಡೋಕೆ? ಯಾರ್ರೀ ಹೇಳಿದ್ದು?" ಎಂದು ಕಿರುಚಿದ. ಮಂಚಕ್ಕೆ ಅಡ್ಡಬಿದ್ದು ಎರಡೂ ಕೈಯಿಂದ ಹಾಸಿಗೆಯನ್ನು ಮೇಲೆತ್ತಲು ನೋಡಿದ. ಅದು ಅವನ ಬೆರಳುಗಳ ನಡುವೆ ಸೋರಿ ಇಳಿಯುತ್ತಲೇ ಹೋಯಿತು. ತಿರುಮಲೇಶ ಓಡಿಬಂದು ಗುಂಡಿ ಮತ್ತೆ ಒತ್ತಿದ. ಪಂಪು ಶುರುವಾಯಿತು. ಹಾಸಿಗೆ ಮತ್ತೆ ಉಬ್ಬಿತು, ಆದರೆ ಈಗ ಎಲ್ಲ ಕಡೆಯೂ ಒಂದೇ ಸಮನಾಗಿ. "ಅವಳ ಆಕಾರ ಇತ್ತಲ್ರೀ ಅದ್ರಲ್ಲಿ" ಎಂದ ಗುರುಪ್ರಸಾದ, ಈಗ ಪಿಸುದನಿಯಲ್ಲಿ. ಸಿದ್ರಾಮಪ್ಪ ಗೋಡೆಗೆ ಬೆನ್ನು ಒತ್ತಿ ನಿಂತು, "ಅದು ಉಸಿರಾಡಾಕತ್ತಿತ್ತು... ಉಸಿರಾಡಾಕತ್ತಿತ್ತು" ಎನ್ನುತ್ತಿದ್ದ. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರ ಮುಖವೂ ಶರಣವ್ವನ ಕಡೆ ತಿರುಗಿತ್ತು. ಶರಣಕ್ಕ ಈಗ ಏನಾದರೂ ಹೇಳುತ್ತಾಳೆ.

ಏನು ಹೇಳಬೇಕೆಂದು ಅವಳಿಗೆ ತಿಳಿದಿತ್ತು. ಕನಸಿನಲ್ಲಿ ಮೆಟ್ಟಿಲು ತಾನಾಗಿ ಕಾಲಡಿಗೆ ಬರುವಂತೆ ಮಾತು ಬಂದು ನಿಂತಿತ್ತು. ಗುರುಪ್ರಸಾದನಿಗೆ ಈಗ ಬೇಕಾಗಿರುವುದು ಕ್ಷಮಾಪಣೆಯಲ್ಲ. ಏನೂ ತಟ್ಟದ ಒಬ್ಬ ಮನುಷ್ಯ ಬೇಕಾಗಿದೆ. ಬೇಕೆಂದು ಯಾರೂ ಮಾಡಿಲ್ಲ, ಕಲ್ಲು ಬಂದು ಬಡಿಯಿತು ಎಂದಾದರೆ ಅವನು ಸಿಟ್ಟು ಬಿಟ್ಟು ಅಳಬಲ್ಲ. ಅವಳು ಹೋಗಿ ಅವನ ಎರಡೂ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ, ಇಂಥ ಹೊತ್ತಿಗೆಂದೇ ಇರುವ ತಗ್ಗಿದ ದನಿಯಲ್ಲಿ ಹೇಳಿದಳು: "ಗುರು, ಇವರಿಗೆ ಅದು ತಟ್ಟೂದಿಲ್ಲಪಾ. ಹುಟ್ಟಿದಾಗಿಂದ ಹಿಂಗ. ಯಾರು ಇದ್ರೇನು, ಯಾರು ಹೋದ್ರೇನು, ಇವರ ಕಣ್ಣಿಗೆ ಮಷೀನು ಅಷ್ಟ ಕಾಣ್ತಾವು. ಇಷ್ಟು ವರ್ಷ ನಾ ಕಲ್ಲಿನ ಕೂಡ ಬಾಳೇ ಮಾಡೇನಿ. ನಿರುಪಮಾಗೂ ಗೊತ್ತಿತ್ತು, ಕಲ್ಲು ಕಟಗೊಂಡೀರಿ ಅಕ್ಕ ಅಂತಿದ್ಳು."

ನಿರುಪಮಾ ಹಾಗೆ ಎಂದೂ ಅಂದಿರಲಿಲ್ಲ. ಆದರೆ ಮಾತು ಕೂರಬೇಕಾದ ಕಡೆ ಕೂತಿತು. ಗುರುಪ್ರಸಾದನ ಬಿಗಿದ ದವಡೆ ಸಡಿಲವಾಯಿತು. ಬಾಯಿ ತೆರೆದುಕೊಂಡಿತು, ಹೆಂಡತಿ ಸತ್ತ ಮೇಲೆ ಮೊದಲ ಸಲ ಅವನು ದನಿ ತೆಗೆದು ಅತ್ತ. ಅಕ್ಕ ಬಂದು ಅವನ ತಲೆಯನ್ನು ಎದೆಗೊತ್ತಿಕೊಂಡಳು. ತಿರುಮಲೇಶ ಕಣ್ಣೊರೆಸಿಕೊಂಡು, "ಶರಣಕ್ಕ ಇದ್ದಿದ್ದಕ್ಕೆ ಆಯ್ತು" ಎಂದು ಹೆಂಗಸರ ಕಡೆ ತಿರುಗಿ ಹೇಳಿದ. ಅವಳ ಕಣ್ಣು ಮಾತ್ರ ಅಭ್ಯಾಸಬಲದಿಂದ ಕೋಣೆಯನ್ನು ಒಮ್ಮೆ ಸುತ್ತಿ ಗೋಡೆಯ ಹತ್ತಿರ ಹೋಗಿ ನಿಂತಿತು. ಸಿದ್ರಾಮಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವನು ಹೀಗೆ ನೇರ ನೋಡಿದ್ದು ಅವಳಿಗೆ ನೆನಪೇ ಇಲ್ಲ. ಏನೋ ಕೇಳಿಸಿಕೊಂಡು, ಅದನ್ನು ಸರಿಯಾಗಿ ತಿಳಿದುಕೊಳ್ಳಲು ನೋಡುತ್ತಿರುವ ವಿದ್ಯಾರ್ಥಿಯ ಹಾಗೆ ನೋಡುತ್ತಿದ್ದ.

ಊಟಕ್ಕೆ ನಿಲ್ಲದೆ ಹೊರಟರು. ಕಾರು ಅವಳೇ ಓಡಿಸಿದಳು. ಮಂಜು ಹರಿದಿತ್ತು, ಗುಡ್ಡಗಳು ಬಿಸಿಲಲ್ಲಿ ಎಮ್ಮೆಗಳಂತೆ ಮೈಚಾಚಿ ಮಲಗಿದ್ದವು, ಅವುಗಳ ಬೆನ್ನು ಏರುತ್ತ ಇಳಿಯುತ್ತ ಇದ್ದಂತೆ ಕಂಡಿತು. ಬಿಸಿಲಿಗೆ ಹಾಗೆ ಕಾಣುತ್ತದೆ ಎಂದುಕೊಂಡಳು. ಅವನು ಬೈಯುತ್ತಾನೆ ಎಂದುಕೊಂಡಳು, ಬೈದರೆ ತಿರುಗಿ ಬೈಯಲು ಬಾಯಿತುಂಬ ಮಾತು ಕೂಡಿಹಾಕಿಕೊಂಡಳು. ಯಾರು ಹೇಳಿದ್ದರು ನಿಮಗೆ ಕೈ ಹಾಕಲು? ಸುಮ್ಮನೆ ಕೂರಲು ಬರುವುದಿಲ್ಲವೆ? ನಿಮ್ಮ ಹಿಂದೆ ಚೆಲ್ಲಿದ್ದನ್ನೆಲ್ಲ ಬಳಿಯುವುದರಲ್ಲೇ ನನ್ನ ಆಯುಷ್ಯ ಹೋಯಿತು.

"ನಾ ಕಲ್ಲೇನು?" ಎಂದ.

ಅದರಲ್ಲಿ ಸಿಟ್ಟಿರಲಿಲ್ಲ. ಅವಳು ಹುಡುಕಿದಳು, ಇರಲಿಲ್ಲ.

"ಅಲ್ಲ, ನೀ ಅಂದಿ. ನಿನಗ ಮನಷ್ಯಾರು ತಿಳೀತಾರ. ನೀ ಅಂದ್ಮ್ಯಾಲ ಇರಬೇಕು. ಅದಕ್ಕ ಕೇಳಾಕತ್ತೇನಿ." ಎದೆಗೂಡಿನ ಕೆಳಗೆ ಕೈಯಿಟ್ಟುಕೊಂಡ. "ಆ ಹಾಸಿಗಿ ಆಕಿ ಹಂಗ ಉಸಿರು ತಗೀತಿತ್ತು. ಬಿಡವಲ್ದಾಗಿತ್ತು. ನನಗ ಇಲ್ಲಿ ಕಡ್ಯಾಕತ್ತು. ಈಗೂ ಕಡ್ಯಾಕತ್ತೈತಿ. ನಾ ಇದನ್ನ ನೋವು ಅಂತ ಮಾಡಿದ್ದೆ. ಅಲ್ಲಂದ್ರ ಏನಿದು? ಗ್ಯಾಸೇನು?"

"ಗ್ಯಾಸ್ ಇರಬೇಕು" ಎಂದ ಅವನು, ತಾನೇ ಸಮಾಧಾನ ಮಾಡಿಕೊಂಡು. "ಮುಂಜಾನೆ ಏನೂ ತಿಂದಿಲ್ಲ. ಇಷ್ಟು ವರ್ಷ ಗ್ಯಾಸಿಗೆ ನಾ ಬ್ಯಾರೆ ಹೆಸರು ಇಟ್ಟಿದ್ನಿ ನೋಡು." ನಗಲು ನೋಡಿದ. ಎಲ್ಲಿ ನಗಬೇಕೆಂದು ಅವನಿಗೆ ಎಂದೂ ತಿಳಿದಿರಲಿಲ್ಲ.

ರಸ್ತೆಯ ಬಿಳಿ ಗೆರೆಗಳು ಕಾರಿನ ಕೆಳಗೆ ಒಂದೊಂದಾಗಿ ನುಗ್ಗಿ ಹೋಗುತ್ತಿದ್ದವು. ಇವನು ಬೂಟು ಬಿಚ್ಚದೆ ಬಾಗಿಲಲ್ಲಿ ನಿಂತು ಕೇಳಿದಾಗೆಲ್ಲ ತಾನು ಕೊಟ್ಟ ಹೆಸರನ್ನು ಇಟ್ಟುಕೊಂಡು ಬದುಕಿದವನು. ಇದನ್ನೂ ಇಟ್ಟುಕೊಳ್ಳುತ್ತಾನೆ. ನಾಳೆಯಿಂದ ಎದೆಯಲ್ಲಿ ಏನು ಕಡಿದರೂ ಗ್ಯಾಸಿನ ಗುಳಿಗೆ ನುಂಗಿ ಮಲಗುತ್ತಾನೆ. ಮಗಳು ಬಂದು ಎರಡು ದಾರಿ, ಮೂರು ದಾರಿ ಎಂದರೆ, ನಿಮ್ಮವ್ವ ಬ್ಯಾರೆ ಹೇಳ್ಯಾಳ ಎನ್ನುತ್ತಾನೆ. ತನ್ನ ಕಲ್ಲುತನವನ್ನು ತೆಗೆದು ಅವನ ಮೈಗೆ ಹಚ್ಚಿ, ಹತ್ತು ಜನರ ಎದುರು ಸತ್ತವಳ ಸಾಕ್ಷಿ ಹಾಕಿ ಬಂದದ್ದು ತಾನು. "ಹೇಳಿದ್ದು ಸುಳ್ಳು" ಎಂದು ಇಲ್ಲೇ, ಕಾರಿನೊಳಗೆ, ಹೇಳಬಹುದು. ಹೇಳಿದಳು ಕೂಡ. ಅವನು ಅರ್ಥವಾಗದೆ ಕೇಳಿದ: "ಸುಳ್ಳಾಗಿದ್ರ ಅವರಿಗೆಲ್ಲಾ ಹೆಂಗ ಸಮಾಧಾನ ಆತು?"

ಸುನೋಲಿನ ಎಕ್ಸಿಟ್ಟಿನಲ್ಲಿ ಅವಳು ಕಾರನ್ನು ಫ್ರೀವೇಯಿಂದ ಇಳಿಸಿದಳು. ಸೇತುವೆಯ ಕೆಳಗಿಂದ ಹೊರಳಿ ಮತ್ತೆ ಗುರುಪ್ರಸಾದನ ಮನೆಯ ಕಡೆ ಹೋಗುವ ದಕ್ಷಿಣದ ಸಾಲಿಗೆ ಸೇರಿದಳು.

ಗಂಡನನ್ನು ಕಾರಿನಲ್ಲೇ ಬಿಟ್ಟು ಅವಳೊಬ್ಬಳೇ ಹೋದಳು. ಬಾಗಿಲು ತೆರೆದೇ ಇತ್ತು. ಒಳಗೆ ಊಟ ನಡೆದಿತ್ತು. ಅವಳದೇ ಅನ್ನ, ಅವಳದೇ ತಿಳಿಸಾರು. ಗುರುಪ್ರಸಾದ ಮೂಗು ಕೆಂಪಾಗಿ, ತಲೆ ತಗ್ಗಿಸಿ, ಜ್ವರ ಬಿಟ್ಟ ಮಗುವಿನ ಹಾಗೆ ತುತ್ತು ಕಲಸುತ್ತಿದ್ದ. ಅವನ ಅಕ್ಕ ಅವಳನ್ನು ಕಂಡು ಕೈ ಎತ್ತಿ, ತಿನ್ನುತ್ತಿದ್ದಾನೆ ನೋಡಿ ಎಂದು ಕಣ್ಣಲ್ಲೇ ತೋರಿಸಿದಳು. ಈಗ ಮಾತಾಡಬಾರದು. ಇವತ್ತು ಮಾತಾಡಬಾರದು. ಮಾತಾಡಿದರೆ ಈ ತುತ್ತು ನಿಲ್ಲುತ್ತದೆ, ಇಳಿದ ಸಿಟ್ಟು ಮತ್ತೆ ಏರುತ್ತದೆ, ಆ ಸಿಟ್ಟಿಗೆ ಈ ಸಲ ಕಲ್ಲೂ ಸಿಗುವುದಿಲ್ಲ. ಎಲ್ಲವೂ ಅವಳಿಗೆ ಬರೆದಿಟ್ಟಂತೆ ಕಾಣುತ್ತಿತ್ತು.

"ನಾ ಆಗ ಹೇಳಿದ್ದು ಸುಳ್ಳು" ಎಂದಳು. ದನಿ ಒರಟಾಗಿತ್ತು, ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. "ಅವರು ಕಲ್ಲಲ್ಲ. ನಿರುಪಮಾ ಹಂಗ ಅಂದೂ ಇಲ್ಲ."

"ಈಗ್ಯಾಕೆ ಶರಣಕ್ಕ ಅದೆಲ್ಲ" ಎಂದು ತಿರುಮಲೇಶ ಎದ್ದ. "ಊಟ ಮಾಡ್ತಿದಾರೆ..."

ಗುರುಪ್ರಸಾದನ ಕೈ ತಟ್ಟೆಯಲ್ಲೇ ನಿಂತಿತು. "ಮತ್ತೆ ಏನಂದಿದ್ಲು?" ಎಂದ.

"ನಿಮ್ಮ ಯಜಮಾನ್ರಿಗೆ ಮೈಮೇಲೆ ಚರ್ಮಾನೇ ಇಲ್ಲ ಕಣ್ರೀ, ಎಲ್ಲಾ ಸೀದಾ ಒಳಗೆ ಹೋಗ್ಬಿಡತ್ತೆ ಅಂದಿದ್ಳು. ಈ ಮಂಚದ ಮ್ಯಾಲೆ ಮಲಗಿ ಅಂದಿದ್ಳು. ಅವರು ಬಂದ್ರೆ ಮಾತಾಡ್ದೆ ಕೂತಿರ್ತಾರೆ, ನಂಗೆ ಎಷ್ಟು ನೋಯ್ತಿದೆ ಅಂತ ಅವರ ಹೊಟ್ಟೆ ಹಿಡ್ಕೊಳ್ಳೋದ್ರಲ್ಲೇ ಗೊತ್ತಾಗತ್ತೆ ಅಂದಿದ್ಳು." ನಿರುಪಮಾಳ ಮಾತನ್ನು ನಿರುಪಮಾಳ ಹಾಗೆಯೇ ಹೇಳಿದಳು. ದನಿ ಎಲ್ಲೂ ತಡೆಯಲಿಲ್ಲ. "ತಟ್ಟದೇ ಇರೂದು ನನಗ. ನಿಮ್ಮನ್ನ ಸುಮ್ಮನಿರಿಸಾಕ ಅವರನ್ನ ಮುಂದ ಒಗದ್ನಿ."

ಗುರುಪ್ರಸಾದ ತಟ್ಟೆ ಸರಿಸಿದ. ಕೈ ತೊಳೆಯಲಿಲ್ಲ. ಒಣಗುತ್ತಿರುವ ಬೆರಳುಗಳನ್ನು ನೋಡುತ್ತ ಕೂತು ಕೊನೆಗೆ, "ನೀವು ಇದನ್ನ ನಂಗೆ ಹೇಳ್ಬಾರದಿತ್ತು" ಎಂದ. "ನೀವು ಹಿಡ್ಕೊಂಡಾಗ್ಲೇ ನಂಗೆ ಅಳು ಬಂದಿದ್ದು. ಅದೂ ಸುಳ್ಳಾಯ್ತಲ್ಲ." ಆಮೇಲೆ, "ಹೋಗಿ ಶರಣಕ್ಕ. ಸದ್ಯಕ್ಕೆ ಬರಬೇಡಿ."

ಅಕ್ಕ ಮುಖ ತಿರುಗಿಸಿದಳು. ಶರಣವ್ವ ಆ ಮುಖಗಳನ್ನೆಲ್ಲ ಒಂದೊಂದಾಗಿ ಓದಿಕೊಂಡೇ ಹೊರಗೆ ಬಂದಳು, ಯಾವುದನ್ನೂ ಬಿಡಲಿಲ್ಲ. ಇನ್ನು ಮುಂದೆ ಈ ಮನೆಯಿಂದ, ಈ ಮನೆಗೆ ಬಂದುಹೋಗುವ ಮನೆಗಳಿಂದ ಫೋನು ಬರುವುದಿಲ್ಲ. ಬಿಸಿಲು ಚಪ್ಪಲಿಗಳ ಮೇಲೆ ಬಿದ್ದು ಅವು ಸುಡುತ್ತಿದ್ದವು.

ಕಾರಿನೊಳಗೆ ಸಿದ್ರಾಮಪ್ಪ ಸೀಟ್ ಬೆಲ್ಟು ಹಾಕಿಕೊಂಡೇ ಕೂತಿದ್ದ. ಅವಳು ಎಂಜಿನ್ ಶುರುಮಾಡಿದಳು, ಗೇರು ಹಾಕಲಿಲ್ಲ.

"ಏನಂದ್ರು?"

"ಸಿಟ್ಟಿಗೆದ್ದಾರ."

"ನನ್ನ ಮ್ಯಾಲೇನು?"

"ಅಲ್ಲ. ನನ್ನ ಮ್ಯಾಲ."

ಅವನು ಯೋಚಿಸಿದ. ಹೊಟ್ಟೆಯ ಮೇಲಿದ್ದ ಅವನ ಕೈ ಅಲ್ಲೇ ಇತ್ತು, ಈಗ ಅಂಗಿಯನ್ನು ಮುದ್ದೆಮಾಡಿ ಹಿಡಿದಿತ್ತು. ಎದುರಿನ ಗಾಜನ್ನೇ ನೋಡುತ್ತ, ಯಾರೋ ಹೇಳಿಕೊಟ್ಟ ಪ್ರಶ್ನೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳುವವನ ಹಾಗೆ ಕೇಳಿದ: "ನಿನಗ ಏನಾಗಾಕತ್ತೈತಿ?"

ಅವಳು ತನ್ನೊಳಗೆ ನೋಡಿಕೊಂಡಳು. ಸುತ್ತಲಿನ ಎಲ್ಲರ ಮನಸ್ಸಿಗೂ ಒಂದು ಹೆಸರಿತ್ತು, ಅಲ್ಲಿ ಮಾತ್ರ ಏನೂ ಬರೆದಿರಲಿಲ್ಲ. ಏನೂ ಇಲ್ಲವೋ, ಇದ್ದದ್ದು ಇನ್ನೂ ಬಂದಿಲ್ಲವೋ.

"ಗೊತ್ತಾಗವಲ್ದ್ರಿ" ಎಂದಳು.

ಅವನು ತಲೆಯಾಡಿಸಿದ. ಆ ಜಾಗ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನನಗೂ ಹಂಗ ಆಗ್ತೈತಿ" ಎಂದ. "ಅವಸರ ಮಾಡಬಾರದು. ತಡದು ಬರ್ತೈತಿ. ಒಮ್ಮೊಮ್ಮೆ ಭಾಳ ತಡದು."

ಅವಳು ಎಂಜಿನ್ ಬಂದ್ ಮಾಡಿದಳು.